ಓದುಗರ ಪ್ರಶ್ನೆ: ಅನಾಥ ಹುಡುಗ, ಗಡ್ಡದ ಗುರು, ಮಂತ್ರದ ಕತ್ತಿ ಬಿಟ್ರ ಫ್ಯಾಂಟಸಿಯಾಗ ಏನೂ ಇಲ್ಲೇನ್ರಿ?

ಹೋದ ಸಂಚಿಕ್ಯಾಗ ಫ್ಯಾಂಟಸಿ ಕಾದಂಬರಿ ಬಗ್ಗೆ ಏನಾರ ಕೇಳೂದಿದ್ರ ಕೇಳ್ರಿ ಅಂತ ಒಂದ್ ಸಾಲು ಹಾಕಿದ್ವಿ. ಬಂದ ಪತ್ರ, ವಾಟ್ಸಾಪ್ ಮೆಸೇಜ್ ನೋಡಿದ್ರ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಾಗ ಇಷ್ಟು ಮಂದಿ ಡ್ರ್ಯಾಗನ್ ಹಿಂದ ಬಿದ್ದಾರಂತ ಈಗ ಗೊತ್ತಾತು. ಭಾಳ ಮಂದಿ ಹೆಸರು ಹಾಕಬ್ಯಾಡ್ರಿ ಅಂದಾರ (ಮನ್ಯಾಗ ಕೆಎಎಸ್‌ಗೆ ಓದಾಕತ್ತೀನಿ ಅಂತ ಹೇಳಿರ್ತಾರ ಅನಸ್ತೈತಿ), ಅದಕ್ಕ ಊರಷ್ಟ ಹಾಕೀವಿ.

ಪ್ರಶ್ನೆ: ಸರ, ಇಂಗ್ಲಿಷ್ ಫ್ಯಾಂಟಸಿ ಓದಾಕ ಶುರು ಮಾಡಿ ವರ್ಷ ಆತು. ಎಲ್ಲಾದ್ರಾಗೂ ಒಬ್ಬ ಅನಾಥ ಹುಡುಗ, ಒಬ್ಬ ಗಡ್ಡದ ಗುರು, ಒಂದ್ ಭವಿಷ್ಯವಾಣಿ, ಕಡೀಕ ಕರಿ ಬಟ್ಟಿ ಹಾಕ್ಕೊಂಡ ರಾಜನ ಜೋಡಿ ಯುದ್ಧ. ಈಗ ಮೊದಲಿನ 50 ಪುಟ ಓದಿ ಕಡೀ ಪುಟ ಹೇಳಿಬಿಡ್ತೀನಿ. ಈ ಅಚ್ಚು ಬಿಟ್ಟು ಬರದವರು ಯಾರೂ ಇಲ್ಲೇನು? – ಗಂಗಾವತಿ

ಉತ್ತರ: ಅದಾರ ತಮ್ಮಾ, ಭಾಳ ಮಂದಿ ಅದಾರ. ಆದ್ರ ಮಂದಿ ಈ ಅಚ್ಚಿನ ಪಾಪ ಎಲ್ಲಾ ಟೋಲ್ಕಿನ್ ತಲಿಗೆ ಕಟ್ತಾರಲ್ಲ, ಅದು ನ್ಯಾಯ ಅಲ್ಲ. ಅಂವ ಬರದ 'ಲಾರ್ಡ್ ಆಫ್ ದಿ ರಿಂಗ್ಸ್' 1954-55ರಾಗ ಮೂರು ಭಾಗ ಆಗಿ ಬಂತು, ಅದನ್ನ ಹೊಳ್ಳಿ ಓದಿ ನೋಡು, ಅಲ್ಲಿ ಹೀರೋ ಏನೋ ಗೆದ್ದು ತರಾಕ ಹೋಗಂಗಿಲ್ಲ, ಕೈಯಾಗ ಇರೂ ಮಾಯದ ಉಂಗುರಾನ ಬೆಂಕ್ಯಾಗ ಒಗದು ಬರಾಕ ಹೋಗ್ತಾನ, ಅದೂ ಕಡೀ ಗಳಿಗ್ಯಾಗ ಒಗಿಯಾಕ ಮನಸ್ಸಾಗಂಗಿಲ್ಲ, ಇದು ನಂದು ಅಂತ ಉಂಗುರ ಬೆರಳಿಗೆ ಏರಿಸ್ಕೊಂಡು ಬಿಡ್ತಾನ, ಆ ಉಂಗುರದ ಆಸಿಗೆ ಬೆನ್ನ ಹತ್ತಿದ್ದ ಗೊಲ್ಲಮ್ ಬಂದು ಬೆರಳು ಕಚ್ಚಿ ಹರಕೊಂಡು ಉಂಗುರ ಸಮೇತ ಬೆಂಕ್ಯಾಗ ಬಿದ್ದದ್ದಕ್ಕ ಲೋಕ ಉಳೀತು. ಹೀರೋ ಸೋತ ಪುಸ್ತಕ ರೀ ಅದು. ಅಚ್ಚು ಎರಕ ಹೊಯ್ದದ್ದು ಹಿಂದ ಬಂದವರು. 1977ರಾಗ ಟೆರ್ರಿ ಬ್ರೂಕ್ಸ್ ಬರದ 'ದಿ ಸೋರ್ಡ್ ಆಫ್ ಶನ್ನಾರಾ' ಬಂತು, ಹೆಚ್ಚು ಕಡಿಮಿ ಅದೇ ಕತಿ, ಹೆಸರು ಬ್ಯಾರೆ, ಚೊಲೋ ಮಾರಾಟ ಆತು, ಆಮ್ಯಾಲ ಪ್ರಕಾಶಕರು ಸುಮ್ನ ಕುಂದರ್ತಾರೇನು. ಡಯಾನಾ ವಿನ್ ಜೋನ್ಸ್ ಅನ್ನೂ ಬರಹಗಾರ್ತಿ 1996ರಾಗ 'ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಅಂತ ಒಂದು ಟೂರಿಸ್ಟ್ ಗೈಡ್ ಥರದ್ದ ಪುಸ್ತಕ ಬರದು ಈ ಎಲ್ಲಾ ಸವಕಲು ಸಾಮಾನನ್ನ ಎಬಿಸಿಡಿ ಲೆಕ್ಕದಾಗ ಜೋಡಿಸಿ ನಗಿ ಆಡ್ಯಾಳ. ಯಾವ ಊರಿಗೆ ಹೋದ್ರೂ ತಿನ್ನಾಕ ಸಿಗೂದು ಬರೇ ಸ್ಟ್ಯೂ ಅಂತ, ಅದು ಬೇಯಾಕ ತಾಸುಗಟ್ಲೆ ಹಿಡೀತೈತಿ, ರಾತ್ರಿ ಕಾಡಾಗ ಇಳ್ಕೊಂಡ ಮಂದಿಗೆ ಅದೆಂಗ ಆಗ್ತೈತಿ ಅಂತ ಯಾರೂ ಕೇಳಂಗಿಲ್ಲ. ಅದನ್ನ ಓದಿದಮ್ಯಾಲ ಎಷ್ಟೋ ಕಾದಂಬರಿ ಮುಖ ಗಂಭೀರ ಇಟ್ಕೊಂಡು ಓದಾಕ ಬರಂಗಿಲ್ಲ, ಈಗ ಹೇಳೀನಿ.

ಇನ್ನ ಬಿಟ್ಟು ಬರದವರು ಅಂದ್ರ ನಾನು ಮೊದಲು ಕೈಗೆ ಕೊಡೂದು ಉರ್ಸುಲಾ ಲೆ ಗ್ವಿನ್ ಬರದ 'ಎ ವಿಝರ್ಡ್ ಆಫ್ ಅರ್ತ್‌ಸೀ', 1968ರದ್ದು, ಸಣ್ಣ ಪುಸ್ತಕ, ಭಾಷಾನೂ ಸರಳ. ಗೆಡ್ ಅಂತ ಆಡು ಕಾಯೂ ಹುಡುಗ, ತಾಮ್ರದ ಬಣ್ಣದ ಮೈ (ಮುಖಪುಟದಾಗ ಮಾತ್ರ ಎಷ್ಟೋ ವರ್ಷ ಬಿಳೀ ಹುಡುಗನ್ನ ಬರದ್ರು, ಲೇಖಕಿ ಅದಕ್ಕ ಕಡೀತನಾ ಬೈತಿದ್ಲು). ಸಾಲ್ಯಾಗ ಇನ್ನೊಬ್ಬ ಹುಡುಗನ ಮುಂದ ಸೊಕ್ಕು ತೋರ್ಸಾಕ ಹೋಗಿ ಸತ್ತವರನ್ನ ಕರೀತಾನ, ಆ ಸೀಳಿಕ್ಯಾಗ ಒಂದು ನೆರಳು ಹೊರಗ ಬರ್ತೈತಿ. ಇಡೀ ಪುಸ್ತಕ ಅದರದ್ದ. ಮೊದಲು ಅದು ಇವನ್ನ ಬೆನ್ನ ಹತ್ತತೈತಿ, ಗುರುವಿನ ಮಾತಿನಮ್ಯಾಲ ಇಂವ ಹೊಳ್ಳಿ ನಿಂತು ಅದರ ಬೆನ್ನ ಹತ್ತತಾನ, ಕಡೀಕ ಸಮುದ್ರದ ತುದ್ಯಾಗ ಎದುರುಬದುರು ಆದಾಗ ಅದಕ್ಕ ಕರಿಯೂ ಹೆಸರು ಯಾವುದು ಗೊತ್ತೇನು, ತನ್ನ ಹೆಸರೇ. ಕಡೀಕ ಯುದ್ಧ ಇಲ್ಲ, ಸೈನ್ಯ ಇಲ್ಲ, ಕರಿ ರಾಜನೂ ಇಲ್ಲ.

ಇದಕ್ಕಿಂತ ಧೈರ್ಯದ್ದು ಅಂದ್ರ ಇದೇ ಸರಣಿಯ ನಾಕನೇ ಪುಸ್ತಕ 'ಟೆಹಾನು', 1990ರಾಗ ಬಂದದ್ದು. ಮೂರನೇದಕ್ಕೂ ಇದಕ್ಕೂ ನಡುವ 18 ವರ್ಷ ಗ್ಯಾಪ್. ಲೋಕ ಉಳಿಸಿದ ಮಾಂತ್ರಿಕ ಗೆಡ್ ಇಲ್ಲಿ ಶಕ್ತಿ ಎಲ್ಲಾ ಖಾಲಿ ಮಾಡ್ಕೊಂಡು ಬಂದಾನ, ನಾಚಿಕಿಂದ ಮಂದೀಗೆ ಮುಖ ತೋರ್ಸಂಗಿಲ್ಲ, ಆಡು ಕಾಯಾಕ ಗುಡ್ಡಕ್ಕ ಹೋಗ್ತಾನ. ಕತಿ ಯಾರದ್ದಪಾ ಅಂದ್ರ ಟೆನಾರ್ ಅನ್ನೂ ನಡುವಯಸ್ಸಿನ ವಿಧವಿ ಹೆಣ್ಣಮಗಳದ್ದು, ಹೊಲಮನಿ ನಡಸ್ಕೊಂಡು ಇರಾಕಿ, ಮೈ ಸುಟ್ಟು ಬದುಕಿದ ಒಂದು ಕೂಸನ್ನ ಸಾಕ್ಕೊಂಡಾಳ. ಪಾತ್ರಿ ತೊಳಿಯೂದು, ಹಾಲು ಹಿಂಡೂದು, ಮಗಾ ಊರಿಂದ ಬಂದು ಊಟದ ತಾಟು ಎತ್ತದ ಕುಂದ್ರೂದು, ಇದೆಲ್ಲಾ ಅದರಾಗ ಐತಿ. ರಾತ್ರಿ ಪುಂಡರು ಮನಿ ಹೊಕ್ಕಾಗ ಒಂದಾನೊಂದು ಕಾಲದ ಮಹಾಮಾಂತ್ರಿಕ ಕೈಯಾಗ ಹಿಡಿಯೂದು ಹುಲ್ಲೆತ್ತೂ ಕವಲಗೋಲು. ಭಾಳ ಮಂದಿ ಅಭಿಮಾನಿಗಳು ಸಿಟ್ಟಾದ್ರು, ನಮ್ಮ ಹೀರೋನ ಹಿಂಗ ಮಾಡಿದ್ಯಲ್ಲವಾ ಅಂತ. ನನಗೆ ಮಾತ್ರ ಆ ಸರಣಿಯಾಗ ಅದೇ ಎಲ್ಲಕ್ಕಿಂತ ದೊಡ್ಡ ಪುಸ್ತಕ.

ಪ್ರಶ್ನೆ: ರಾಕ್ಷಸನ ಕಡಿಂದ ಕತಿ ಹೇಳೂದು, ಕೆಟ್ಟವನ್ನ ಹೀರೋ ಮಾಡೂದು, ಇದೇ ಅಲ್ಲೇನ್ರಿ ನಿಜವಾದ ಕನ್ವೆನ್ಷನ್ (ಹಳೇ ಅಚ್ಚು) ಮುರಿಯೂದು? – ಸಿಂಧನೂರು

ಉತ್ತರ: ಅಲ್ಲ ಅನ್ನೂದು ನನ್ನ ಅಭಿಪ್ರಾಯ. ಅಂಗೀನ ಒಳಗಿಂದು ಹೊರಗ ಮಾಡಿ ಹಾಕ್ಕೊಂಡ್ರ ಅಂಗಿ ಅದೇ ಇರ್ತೈತಿ. ಯಾರು ಗೆಲ್ತಾರ ಅನ್ನೂದ ಪ್ರಶ್ನಿ ಆಗಿ ಉಳಿದ್ರ, ಗೆಲ್ಲಾಂವಗ ಕೋಡು ಇದ್ರೇನು ಕಿರೀಟ ಇದ್ರೇನು? ಮತ್ತ ನಮ್ಮ ಕಡೆ ಮಂದೀಗೆ ಇದು ಹೊಸದೂ ಅಲ್ಲ, ದೊಡ್ಡಾಟದಾಗ ರಾವಣ, ದುರ್ಯೋಧನ ತಮ್ಮ ತಮ್ಮ ಪರ ರಾತ್ರಿ ಪೂರ್ತಿ ವಾದ ಮಾಡಿದ್ದನ್ನ ಬೆಳ್ಳಬೆಳತನಾ ಚಾಪಿ ಹಾಸ್ಕೊಂಡು ಕೇಳಿದ ಜಿಲ್ಲಾ ಇವು.

ಉಲ್ಟಾ ಮಾಡಿಯೂ ಗೆದ್ದವರು ಇಲ್ಲಂತಿಲ್ಲ. ಮೈಕೆಲ್ ಮೂರ್ಕಾಕ್ 1961ರಾಗ ಎಲ್ರಿಕ್ ಅಂತ ಒಬ್ಬನ್ನ ತಂದ. ಸಾಮ್ರಾಟ, ಆದ್ರ ಮೈಯಾಗ ಕಸುವಿಲ್ಲ, ಔಷಧಿ ಮ್ಯಾಲ ನಿಂತ ಜೀವ, ಕೈಯಾಗಿನ ಕತ್ತಿ ಕೊಂದವರ ಆತ್ಮ ಕುಡದು ಇವಗ ಶಕ್ತಿ ಕೊಡ್ತೈತಿ, ಕುಡಿಯೂ ಭರದಾಗ ಇಂವ ಪ್ರೀತಿ ಮಾಡೂ ಮಂದೀನೂ ಬಿಡಂಗಿಲ್ಲ. ಅಲ್ಲಿ ಹೀರೋ ಕೆಟ್ಟಾಂವ ಅನ್ನೂದಲ್ಲ ಮುಖ್ಯ, ಶಕ್ತಿಗೆ ಬೆಲಿ ಏನು, ಕೊಡಾಂವ ಯಾರು ಅನ್ನೂದು. ಪ್ರಶ್ನಿ ಬದಲಾತು ನೋಡ್ರಿ, ಅದಕ್ಕ ಅದು ನಿಂತೈತಿ.

ಪ್ರಶ್ನಿ ಪೂರ್ತಿ ಬದಲಾದದ್ದು ಬೇಕಂದ್ರ ಕ್ಯಾಥರೀನ್ ಆಡಿಸನ್ ಬರದ 'ದಿ ಗಾಬ್ಲಿನ್ ಎಂಪರರ್' ಓದ್ರಿ, 2014. ಎಲ್ಫ್‌ಗಳ (ಎಲ್ಫ್, ಗಾಬ್ಲಿನ್, ಆರ್ಕ್ ಅಂದ್ರ ಇಂಥಾ ಕತಿಗಳಾಗ ಬರೂ ಮನಷ್ಯಾರಲ್ಲದ ಕುಲಗಳು) ಸಾಮ್ರಾಜ್ಯದಾಗ ಅರ್ಧ ಗಾಬ್ಲಿನ್ ರಕ್ತದ, ಅಪ್ಪಗ ಬ್ಯಾಡಾಗಿದ್ದ 18ರ ಹುಡುಗ, ಅಪ್ಪ, ಅಣ್ಣಂದಿರು ಎಲ್ಲಾ ಹಾರೂ ಹಡಗಿನ ಅಪಘಾತದಾಗ ಸತ್ತು ಇವಗ ಗಾದಿ ಬರ್ತೈತಿ. ಯುದ್ಧ ಇನ್ನೇನು ಬಂತು ಅಂತ ಕಾಯ್ತೀರಿ, ಬರಂಗಿಲ್ಲ. ಬರೂದು ಅರ್ಜಿ, ದರ್ಬಾರು, ಮದುವಿ ಮಾತುಕತಿ, ಯಾರಿಗೆ ಹೆಂಗ ಮಾತಾಡಿಸಬೇಕು ಅನ್ನೂ ಫಜೀತಿ, ಮತ್ತ ಗಡಿಯಾರ ಮಾಡೂ ಮಂದಿ ದೊಡ್ಡ ಹೊಳಿಗೆ ಸೇತುವಿ ಕಟ್ತೀವಿ ಅಂತ ತರೂ ಒಂದ್ ನಕ್ಷಾ. ಸೇತುವಿ ಮಂಜೂರಾಗ್ತೈತೋ ಇಲ್ಲೋ ಅಂತ ನಾನು ಉಸಿರು ಹಿಡಕೊಂಡು ಓದೀನಿ, ಸುಳ್ಳಲ್ಲ. ಹೆಸರುಗಳು ಮಾತ್ರ ಬಾಯಾಗ ತಿರಗಂಗಿಲ್ಲ, ಮೊದಲಿನ 100 ಪುಟ ಸೈರಿಸ್ಕೊಳ್ರಿ. 2022ರ 'ಲೆಜೆಂಡ್ಸ್ ಅಂಡ್ ಲ್ಯಾಟೆಸ್' ಅಂತನೂ ಒಂದೈತಿ, ಒಬ್ಬಾಕಿ ಆರ್ಕ್ ಕತ್ತಿ ಮೂಲ್ಯಾಗಿಟ್ಟು ಕಾಫಿ ಅಂಗಡಿ ಹಾಕ್ತಾಳ. ಜ್ವರ ಬಂದು ಮಲಗಿದಾಗ ಓದಾಕ ಚೊಲೋ. ಅಷ್ಟ.

ಪ್ರಶ್ನೆ: ಮ್ಯಾಜಿಕ್ಕೇ ಇಲ್ದಿರೋ ಫ್ಯಾಂಟಸಿ ಐತೆ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಮ್ಯಾಜಿಕ್ ಇಲ್ಲ ಅಂದ್ಮೇಲೆ ಅದು ಫ್ಯಾಂಟಸಿ ಹೆಂಗಾಗುತ್ತೆ ಸಾರ್? – ಬಳ್ಳಾರಿ

ಉತ್ತರ: ಅವರು ಹೇಳಿದ್ದು ಮರ್ವಿನ್ ಪೀಕ್ ಬರದ 'ಟೈಟಸ್ ಗ್ರೋನ್' (1946), 'ಗಾರ್ಮೆನ್‌ಘಾಸ್ಟ್' (1950) ಇರಬೇಕು. ಒಂದು ಕ್ವಾಟಿ, ಅದರ ಅಂತ್ಯ ಎಲ್ಲೈತಿ ಅಂತ ಒಳಗಿದ್ದವರಿಗೂ ಗೊತ್ತಿಲ್ಲ. ದೊರಿ ಮುಂಜಾನಿ ಎದ್ದು ರಾತ್ರಿತನಾ ಹಳೇ ಪುಸ್ತಕದಾಗ ಬರದಂಗ ವಿಧಿ ಮಾಡ್ಬೇಕು, ಯಾವ ಮೆಟ್ಟಲಾ ಇಳೀಬೇಕು, ಎಲ್ಲಿ ಏನು ಹಿಡೀಬೇಕು, ಯಾಕ ಅಂತ ಯಾರೂ ಕೇಳಂಗಿಲ್ಲ, ಕೇಳೂದು ಮರತು ತಲತಲಾಂತರ ಆಗೈತಿ. ಅಡಗಿಮನಿ ಕೆಲಸದ ಹುಡುಗ ಸ್ಟೀರ್‌ಪೈಕ್ ಒಬ್ಬ ಆ ಹೊಗಿ, ಬೆವರು, ಕುಡದು ಒದರೂ ಅಡಗಿಯಾಂವನ ಕೈ ತಪ್ಪಿಸ್ಕೊಂಡು ಕಿಟಕಿ ಹಾರಿ ಮಾಳಗಿ ಮ್ಯಾಲ ಹೋಗ್ತಾನ. ಕಲ್ಲಿನ ಬಯಲು ಅದು, ಬಿಸಲಿಗೆ ಕಾದದ್ದು, ಗೋಪುರದಿಂದ ಗೋಪುರಕ್ಕ ಹಸದ ಹೊಟ್ಟ್ಯಾಗ ಹತ್ತಿ ಇಳದು ಒಂದು ಕಿಟಕ್ಯಾಗ ತಲಿ ತೂರಸ್ತಾನ ನೋಡ್ರಿ, ಅಲ್ಲಿಂದ ಕ್ವಾಟಿ ಅಳಗ್ಯಾಡಾಕ ಶುರು ಆಗ್ತೈತಿ. ಪುಸ್ತಕದ ಹೆಸರು ಟೈಟಸ್ಸಂದು, ಮೊದಲನೇ ಭಾಗ ಮುಗಿಯೂ ಹೊತ್ತಿಗೆ ಅಂವ ಇನ್ನೂ ಕೂಸು. ಮಂತ್ರ ಒಂದೂ ಇಲ್ಲ, ಆದ್ರ ಆ ಕ್ವಾಟಿ ಈ ಭೂಮಿ ಮ್ಯಾಲಿಂದಲ್ಲ. ಅಷ್ಟಿದ್ರ ಸಾಕು.

ಪೀಕ್ ಚಿತ್ರಗಾರ, ಒಂದ್ ಬಾಗಲಾ ವರ್ಣಿಸಾಕ ಎರಡು ಪುಟ ತಗೋತಾನ. ಬ್ಯಾಸರಾದ್ರ ನನ್ನ ಬೈಬ್ಯಾಡ್ರಿ, ಸೂಸಾನಾ ಕ್ಲಾರ್ಕ್ 2020ರಾಗ ಬರದ 'ಪಿರನೇಸಿ' ತಗೊಳ್ರಿ, ಅದು ಸಣ್ಣದು. ಲೆಕ್ಕ ಇಲ್ಲದಷ್ಟು ಹಾಲ್‌ಗಳ ಒಂದು ಮನಿ, ಕೆಳಗಿನ ಅಂತಸ್ತಿನಾಗ ಸಮುದ್ರ, ಮ್ಯಾಲಿನ ಅಂತಸ್ತಿನಾಗ ಮೋಡ, ಗ್ವಾಡಿಗುಂಟ ಕಲ್ಲಿನ ಮೂರ್ತಿ. ಅಲ್ಲಿ ಇರಾಂವ ನೀರು ಏರೂದು ಇಳಿಯೂದು ಡೈರಿಯಾಗ ಬರಕೋಂತ ಮೀನು ಹಿಡಕೊಂಡು ಆರಾಮ ಅದಾನ. ಆ ಡೈರಿನ ಕಾದಂಬರಿ. ಮುಂದಿಂದು ಹೇಳಿದ್ರ ಕೆಟ್ಟು ಹೋಗ್ತೈತಿ. 2021ರಾಗ ವಿಮೆನ್ಸ್ ಪ್ರೈಝ್ ಫಾರ್ ಫಿಕ್ಷನ್ ಬಂತು ಅದಕ್ಕ.

ಪ್ರಶ್ನೆ: ಹಿಮ, ಪೈನ್ ಗಿಡ, ಉಣ್ಣಿ ಕೋಟು. ಓದಿ ಓದಿ ಸಾಕಾಗ್ಯಾದ. ನಮ್ಮಂಗ ಬಿಸಲಾಗ ಬದುಕೋ ಮಂದಿ ಕತಿ ಯಾರೂ ಬರದಿಲ್ಲೇನು? – ರಾಯಚೂರು

ಉತ್ತರ: ಏಪ್ರಿಲ್ ತಿಂಗಳ ರಾಯಚೂರಾಗ ಕುಂತು ಹಿಮದ ಕತಿ ಓದೂದು ಒಂದ್ ಲೆಕ್ಕಕ್ಕ ಫ್ಯಾಂಟಸಿನ, ಇರಲಿ. ನಿಮಗೊಂದು ಪುಸ್ತಕ ಹೇಳ್ತೀನಿ, ಇದನ್ನ ಹೇಳಾಕ ಯಾರಾರ ಕೇಳಲಿ ಅಂತ ಕಾಯಾಕತ್ತಿದ್ದೆ. ನೈಜೀರಿಯಾದ ಅಮೋಸ್ ಟುಟುವೋಲಾ ಬರದ 'ದಿ ಪಾಮ್-ವೈನ್ ಡ್ರಿಂಕಾರ್ಡ್', 1952ರಾಗ ಲಂಡನ್ನಿನ ಫೇಬರ್ ಪ್ರಕಾಶನದಿಂದ ಬಂತು, ಟೋಲ್ಕಿನ್ನನ ಮೊದಲನೇ ಭಾಗಕ್ಕಿಂತ ಎರಡು ವರ್ಷ ಮೊದಲು. ಬರದಾಂವ ಲಾಗೋಸ್‌ನ ಸರ್ಕಾರಿ ಇಲಾಖೆಯಾಗ ಮೆಸೆಂಜರ್, ಅಂದ್ರ ನಮ್ಮ ಆಫೀಸಿನ ಜವಾನ.

ಹೀರೋ ಯಾರಪಾ ಅಂದ್ರ ಕುಡುಕ. ಹತ್ತು ವರ್ಷದಾಂವ ಇದ್ದಾಗಿಂದ ಸೇಂದಿ ಕುಡಿಯೂದು ಬಿಟ್ರ ಬ್ಯಾರೆ ಉದ್ಯೋಗ ಇಲ್ಲ. ಸಾವುಕಾರ ಅಪ್ಪ ಮಗನ ಸಲುವಾಗಿ 5,60,000 ಗಿಡದ ಒಂದು ತೋಟ ಕೊಟ್ಟು, ಇಳಸಾಕ ಒಬ್ಬ ಆಳು ಇಟ್ಟಾನ. ಆ ಆಳು ಮುಂಜಾನಿ 150 ಪೀಪಾಯಿ ಇಳಸ್ತಾನ, ಮಧ್ಯಾಹ್ನ ಎರಡು ಹೊಡಿಯೂದ್ರಾಗ ಇಂವ ಖಾಲಿ ಮಾಡ್ತಾನ, ಸಂಜಿಗೆ ಮತ್ತ 75. ಮನಿ ತುಂಬ ಗೆಳೆಯಾರು. ಒಂದಿನ ಆಳು ಗಿಡದ ಮ್ಯಾಲಿಂದ ಬಿದ್ದು ಸತ್ತ, ಗೆಳೆಯಾರು ಬರೂದು ಬಂದ್. ಸತ್ತವರು ಪೂರ್ತಿ ಹೋಗಂಗಿಲ್ಲ, ಎಲ್ಲೋ ಒಂದು ಊರಾಗ ಇರ್ತಾರ ಅಂತ ಹಿರ್ಯಾರು ಹೇಳಿದ್ದು ನೆನಪಾಗಿ, ಆ ಆಳನ್ನ ಹೊಳ್ಳಿ ಕರಕೊಂಡು ಬರಾಕ ಇಂವ ಹೊಂಡ್ತಾನ. ಲೋಕ ಉಳಸಾಕ ಅಲ್ಲ, ಸೇಂದಿ ಸಲುವಾಗಿ! ಈಚಲ ಗಿಡ ಹತ್ತೂದು ಕಂಡ ರಾಯಚೂರು ಕಡೆ ಮಂದೀಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ.

ದಾರ್ಯಾಗ ಬರೂದು ಒಂದೊಂದೂ ಒಂದೊಂದು ಥರ. ಸಂತ್ಯಾಗ ಭಾರೀ ಚಂದನ ಒಬ್ಬ ಗಂಡಸು ಕಂಡ ಅಂತ ಒಬ್ಬ ಹುಡುಗಿ ಅವನ ಹಿಂದ ಹೋಗ್ತಾಳ, ದಾರಿ ಕಾಡಿನ ಕಡೆ ತಿರುಗಿದ್ದ ತಡ ಅಂವ ಒಂದೊಂದ ಅಂಗ ಬಿಚ್ಚಿ ಬಾಡಿಗಿ ಕೊಟ್ಟವರಿಗೆ ಹೊಳ್ಳಿಸಿಕೋಂತ, ಬಾಡಿಗಿ ರೊಕ್ಕ ಎಣಿಸಿ ಕೊಟ್ಗೋಂತ ನಡಿತಾನ, ಇಲ್ಲೊಂದ್ ಕಾಲು, ಅಲ್ಲೊಂದ್ ಕೈ, ಹೊಟ್ಟಿ, ಎದಿ, ಕಡೀಕ ಬರೇ ತಲಿಬುರುಡಿ ಉಳದು ಜಿಗಿಕೋಂತ ಹೋಗ್ತೈತಿ. ಇನ್ನೊಂದ್ ಕಡೆ ಹೀರೋ, ಹೆಂಡ್ತಿ ತಮ್ಮ ಸಾವನ್ನ ಮಾರಿಬಿಡ್ತಾರ, ಭಯಾನ ಮಾತ್ರ ಮಾರದ ತಿಂಗಳ ಬಡ್ಡಿ ಲೆಕ್ಕಕ್ಕ ಸಾಲ ಕೊಡ್ತಾರ, ಹಿಂಗಾಗಿ ಭಯ ಆಮ್ಯಾಲ ವಾಪಸ್ ಬರ್ತೈತಿ, ಸಾವು ಬರಂಗಿಲ್ಲ. ಎಂಥಾ ಲೆಕ್ಕಾಚಾರ ಅಂತೀನಿ. ಕಡೀಕ ಆ ಆಳು ಸಿಗ್ತಾನ, ಬರಂಗಿಲ್ಲ ಅಂತಾನ, ಸತ್ತಾಂವ ಇದ್ದವರ ಜೋಡಿ ಇರಾಕ ಬರಂಗಿಲ್ಲಂತ. ಕೈಯಾಗ ಒಂದು ತತ್ತಿ ಕೊಟ್ಟು ಕಳಸ್ತಾನ. ಇದರ ಇಂಗ್ಲಿಷ್ ಸೊಟ್ಟ ಸೊಟ್ಟ ಐತಿ, ನೈಜೀರಿಯಾದ ಓದಿದ ಮಂದೀನ ಆವಾಗ ಮರ್ಯಾದಿ ಹೋತು ಅಂತ ಬೈದ್ರು. ಅದು ಬಾಯಿಮಾತಿನ ಕತಿಯ ನಡಿಗಿ, ನನಗಂತೂ ಆ ಸೊಟ್ಟತನಾನ ಪುಸ್ತಕದ ಜೀವ ಅನಸ್ತೈತಿ.

ಹೊಸದು ಬೇಕಂದ್ರ ಎನ್.ಕೆ. ಜೆಮಿಸಿನ್ 2015ರಾಗ ಬರದ 'ದಿ ಫಿಫ್ತ್ ಸೀಝನ್'. ಅಲ್ಲಿ ಭೂಮಿನ ವೈರಿ, ನಡಗೂದು ನಿಲ್ಲಸಂಗಿಲ್ಲ, ಅದನ್ನ ನಿಲ್ಲಿಸೂ ಶಕ್ತಿ ಇರೂ ಮಂದೀನ ಊರವರು ಹೊಡದು ಕೊಲ್ತಾರ. ಒಬ್ಬ ತಾಯಿ ಮನಿಗೆ ಬರೂದ್ರಾಗ ಗಂಡನೇ ಆ ಶಕ್ತಿ ಇದ್ದ ಸಣ್ಣ ಮಗನ್ನ ಕೊಂದು, ಮಗಳನ್ನ ಕರಕೊಂಡು ಹೋಗ್ಯಾನ. ಆಕಿ ಕತಿ ಪೂರಾ 'ನೀನು ಹಿಂಗ ಮಾಡ್ತಿ, ನೀನು ಹಂಗ ಕುಂದರ್ತಿ' ಅಂತ ಹೇಳ್ಯಾರ, ಮೊದಲು ಕಿರಿಕಿರಿ ಆಗ್ತೈತಿ, ಯಾಕ ಹಂಗ ಅಂತ ಹಿಂದಾಗಡೆ ತಿಳದಾಗ ಮೈ ಝುಮ್ ಅಂತೈತಿ. ಸರಣಿಯ ಮೂರೂ ಪುಸ್ತಕಕ್ಕ 2016, 2017, 2018 ಮೂರೂ ವರ್ಷ ಬೆನ್ನು ಬೆನ್ನಿಗೆ ಹ್ಯೂಗೋ (ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೂ ದೊಡ್ಡ ಪ್ರಶಸ್ತಿ) ಬಂತು, ಹಂಗ ಅದಕ್ಕ ಮೊದಲು ಯಾರಿಗೂ ಬಂದಿದ್ದಿಲ್ಲ.

ಪ್ರಶ್ನೆ: ಇಂಗ್ಲಿಷ್ ನನಗ ಅಷ್ಟಕ್ಕಷ್ಟ. ಕನ್ನಡದಾಗ ಇಂಥವು ಇಲ್ಲೇನ್ರಿ ಅಣ್ಣಾರ? – ಕುಷ್ಟಗಿಯಿಂದ ಒಬ್ಬ ಅಕ್ಕಾರು

ಉತ್ತರ: ಅಂಗಡಿಯಾಗ ಫ್ಯಾಂಟಸಿ ಅಂತ ಬೋರ್ಡ್ ಹಚ್ಚಿ ಇಟ್ಟ ಕಪಾಟು ಸಿಗೂದು ಕಷ್ಟ ಅಕ್ಕಾರ, ಪುಸ್ತಕ ಇಲ್ಲಂತ ಅಲ್ಲ. ಕಂಬಾರರ ಶಿವಾಪುರ ಓದ್ರಿ, ನಾಟಕ, ಕಾವ್ಯ, ಕಾದಂಬರಿ ಎಲ್ಲಾದ್ರಾಗೂ ಆ ಊರು ಹೊಳ್ಳಿ ಹೊಳ್ಳಿ ಬರ್ತೈತಿ, 'ಚಕೋರಿ'ಯಾಗ ಯಕ್ಷಿ ಅದಾಳ, 'ಶಿಖರಸೂರ್ಯ' ಅಂತೂ ರಾಜ್ಯ, ವಿದ್ಯೆ, ಆಸೆ ಎಲ್ಲಾ ಇರೂ ದಪ್ಪನ ಕಾದಂಬರಿ. ಇಂಗ್ಲಿಷಿನಾಗ ಬಂದಿದ್ರ ಎಪಿಕ್ ಫ್ಯಾಂಟಸಿ ಅಂತ ಮುಖಪುಟದಾಗ ಹೊಗಿ, ಕತ್ತಿ ಹಾಕಿ ಮಾರ್ತಿದ್ರು.

ಇನ್ನ ನಮ್ಮದ ನೆಲದ್ದು ಬೇಕಂದ್ರ ಕುಂ. ವೀರಭದ್ರಪ್ಪನವರ 'ಅರಮನೆ', 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪುಸ್ತಕ. ಕಂಪನಿ ಸರ್ಕಾರದ ಥಾಮಸ್ ಮನ್ರೋ ಈ ಕಡೆ ಕಲೆಕ್ಟರ್ ಆಗಿದ್ದ ಕಾಲ, ಕುದುರೆಡವು ಅನ್ನೂ ಊರು, ಹಾಳು ಬಿದ್ದ ಅರಮನಿ, ದೇವಿ ಮೈಮ್ಯಾಲ ಬರೂದು. ಇತಿಹಾಸದ ಸಾಹೇಬ್ರು ಒಂದು ಮಗ್ಗಲಿಗೆ, ಪವಾಡ ಒಂದು ಮಗ್ಗಲಿಗೆ, ನಡುವ ಗೆರಿ ಹಾಕೂ ಗೋಜಿಗೆ ಹೋಗಂಗಿಲ್ಲ ಅವರು. ಬಳ್ಳಾರಿ ಸೀಮಿ ಮಾತು, ವಾಕ್ಯ ಎಲ್ಲಿ ಮುಗೀತು ಅಂತ ಹುಡಕಬೇಕು, ಮನ್ಯಾಗ ದನಿ ತಗದು ಓದ್ರಿ, ದಾರಿ ಸಿಗ್ತೈತಿ.

ಮತ್ತ ಚಂದಮಾಮದ ಬೇತಾಳನ್ನ ಮಕ್ಕಳ ಕತಿ ಅಂತ ಬಿಡಬ್ಯಾಡ್ರಿ. ರಾಜ ಹೆಣ ಹೊತ್ಕೊಂಡು ಮಾತಾಡದ ನಡೀಬೇಕು, ಬೇತಾಳ ಕತಿ ಹೇಳಿ ಪ್ರಶ್ನಿ ಹಾಕ್ತೈತಿ, ಉತ್ತರ ಗೊತ್ತಿದ್ದೂ ಸುಮ್ಮನಿದ್ರ ತಲಿ ಹೋಳು, ಹೇಳಿದ್ರ ಹೆಣ ಮತ್ತ ಗಿಡಕ್ಕ. ಹೀರೋ ಶಾಣ್ಯಾ ಇದ್ದದ್ದಕ್ಕ ಸೋಲ್ತಾನ, ಉತ್ತರ ಗೊತ್ತಾಗದ ಇದ್ದ ದಿನ ಕೆಲಸ ಆಗ್ತೈತಿ. ಇಷ್ಟು ಉಲ್ಟಾ ಕಟ್ಟಿದ ಕತಿ ಸಾವಿರ ವರ್ಷದ ಹಿಂದಿನ ಕಥಾಸರಿತ್ಸಾಗರದಾಗನ ಐತಿ.

ಪ್ರಶ್ನೆ: ನಾನು ಒಂದು ಫ್ಯಾಂಟಸಿ ಬರೀತಾ ಇದೀನಿ. ಎಲ್ಫ್, ಡ್ವಾರ್ಫ್ ಬೇಡ ಅಂತ ಡಿಸೈಡ್ ಮಾಡೀನಿ, ಆದ್ರೆ ಅವನ್ನ ತೆಗೆದ್ಮೇಲೆ ಏನ್ ಹಾಕ್ಬೇಕು ಗೊತ್ತಾಗ್ತಿಲ್ಲ. – ಸಿರುಗುಪ್ಪ

ಉತ್ತರ: ಅವನ್ನ ತಗದ ಜಾಗಾದಾಗ ಯಕ್ಷ, ರಾಕ್ಷಸ ತುರುಕೂದು ಎಲ್ಲಾರೂ ಮಾಡ್ತಾರ, ಅದನ್ನ ಮಾಡಬ್ಯಾಡ. ಒಂದಿನ ಬಿಡುವು ಮಾಡ್ಕೊಂಡು ಗಂಗಾವತಿ ಕಡೆ ಹಿರೇಬೆಣಕಲ್ ಗುಡ್ಡ ಹತ್ತು. ನಾಕನೂರರ ಹತ್ತಿರ ಕಲ್ಲಿನ ಮನಿ, ಎರಡು ಸಾವಿರ ವರ್ಷಕ್ಕೂ ಹಳೇವು, 2021ರಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರ್ಯಾವು. ಮೋರೇರು ಅನ್ನೂ ಗಿಡ್ಡ ಮಂದಿ ಇದ್ರು ಅಂತ ಹಿರ್ಯಾರು ಹೇಳ್ತಾರ, ಸಂಶೋಧನಾ ಮಾಡಿದವರು ಸತ್ತವರ ಸಲುವಾಗಿ ಕಟ್ಟಿದ್ದು ಅಂತಾರ. ಕಲ್ಲಚಪ್ಪಡಿಗೆ ಬಾಗಲಾ ಇಲ್ಲ, ದುಂಡನ ಒಂದು ಕಂಡಿ ಕೊರದಾರ, ಮನಷ್ಯಾ ನಿಂತು ಹೋಗೂವಷ್ಟು ಇಲ್ಲ. ಆ ಕಂಡಿ ಯಾರಿಗೆ? ಒಳಗ ಹೋಗಾಕೋ ಹೊರಗ ಬರಾಕೋ? ಅಲ್ಲೇ ಮ್ಯಾಲ ನಗಾರಿಯಂಗ ಇರೂ ಒಂದು ಬಂಡೆಗಲ್ಲು ಐತಿ, ಕಟಗಿಲೆ ಬಡದ್ರ ದೂರದತನಾ ಕೇಳ್ತೈತಿ. ಅದನ್ನ ಯಾರು, ಯಾವಾಗ, ಯಾರನ್ನ ಕರಿಯಾಕ ಬಡೀತಿದ್ರು ಅಂತ ನಿನ್ನ ಕಾದಂಬರಿ ಹೇಳ್ಬೇಕು.

ಇಲ್ಲ ಅಂದ್ರ ನಿಮ್ಮ ಬಳ್ಳಾರಿ–ಹೊಸಪೇಟಿ ರೋಡಿನ ಕುಡತಿನಿ ಬೂದಿದಿಬ್ಬ ಐತಿ. ರಾಕ್ಷಸರನ್ನ ಸುಟ್ಟ ಬೂದಿ ಅಂತ ಮಂದಿ ಮಾತು. ಅಗದು ನೋಡಿದವರು ಹೇಳೂದು ಅದು ನವಶಿಲಾಯುಗದ ದನಗಾರರು ದೊಡ್ಡಿ ಸಗಣಿ ಗುಡ್ಡೆ ಹಾಕಿ ಮತ್ತ ಮತ್ತ ಸುಟ್ಟದ್ದು, 4000 ವರ್ಷಕ್ಕೂ ಹಿಂದ. ಯೋಚನಿ ಮಾಡು, ತಲಿಮಾರಿನಿಂದ ತಲಿಮಾರಿಗೆ ಸಗಣಿ ಕೂಡಿ ಹಾಕಿ, ಹೊಲಕ್ಕ ಹಾಕದ, ಗುಡ್ಡ ಆಗೂವಷ್ಟು ಬೆಂಕಿ ಹಚ್ಚಿದ ಮಂದಿ. ನನಗೆ ರಾಕ್ಷಸನಗಿಂತ ಅವರ ಬಗ್ಗೆ ಓದಬೇಕು ಅನಸ್ತೈತಿ. ಯಾಕ ಸುಟ್ರು ಅನ್ನೂದಕ್ಕ ನೀನು ಒಂದು ಕಾನೂನು ಮಾಡು, ಆ ಕಾನೂನಿನಿಂದ ಯಾರಿಗಾರ ತ್ರಾಸ ಆಗಲಿ, ಆ ತ್ರಾಸ ಪಡಾಕಿಂದ ಕತಿ ಶುರು ಮಾಡು.

ಹೇಳೂ ರೀತಿಗೂ ನಮ್ಮಲ್ಲೇ ಮಾಲೈತಿ. ದೊಡ್ಡಾಟದಾಗ ಕಿರೀಟ, ಭುಜಕೀರ್ತಿ ಹಾಕ್ಕೊಂಡ ರಾಜ ರಂಗಸ್ಥಳಕ್ಕ ಬಂದು ಗುಡುಗಿದ ಕೂಡ್ಲೇ ಸಾರಥಿ ಎದುರು ನಿಂತು ನೀವು ಯಾರು, ಯಾವ ಊರು, ಬಂದದ್ದು ಯಾಕ ಅಂತ ವಿಚಾರಣಿ ಮಾಡ್ತಾನ. ರಾಜ ಗ್ರಾಂಥಿಕದಾಗ ಮಾತಾಡಿದ್ರ ಸಾರಥಿ ಊರ ಮಾತಿನಾಗ ಚಾಷ್ಟಿ ಮಾಡ್ತಾನ, ನಕ್ಕ ಮಂದಿ ಮತ್ತ ರಾಜಗ ಹೆದರ್ತಾರ. ಇಂಥಾ ಒಬ್ಬ ಸಾರಥಿನ್ನ ಕಾದಂಬರಿಯಾಗ ತಂದು ನಿಂದ್ರಿಸು, ನಿನ್ನ ಮಾಂತ್ರಿಕ ಬಂದು ಭಾಷಣ ಶುರು ಮಾಡಿದಾಗೆಲ್ಲಾ ಅಡ್ಡ ಬಾಯಿ ಹಾಕ್ಲಿ.

ಮೊದಲನೇ ಅಧ್ಯಾಯ ಆದ್ರ ನಮಗ ಕಳಸು ತಮ್ಮಾ, ಓದ್ತೀವಿ. ನಿನ್ನ ಲೋಕದ ನಕ್ಷಾ ಮಾತ್ರ ಕಳಸಬ್ಯಾಡ, ಮೂರು ಮಂದಿ ಈಗಾಗಲೇ ಕಾದಂಬರಿ ಬರಿಯೂಕ್ಕಿಂತ ಮೊದಲ ನಕ್ಷಾ ಕಳಸ್ಯಾರ, ಮೂರರಾಗೂ ಹೊಳಿ ಉತ್ತರದ ಗುಡ್ಡದಿಂದನ ಇಳೀತಾವು, ತುಂಗಭದ್ರಾ ದಂಡ್ಯಾಗ ಹುಟ್ಟಿ ಬೆಳದವರಿಗೆ ಹೊಳಿ ಪಡುವಲಿಂದ ಬರ್ತೈತಿ ಅಂತ ನೆನಪಾಗಲಿಲ್ಲ ನೋಡು.